ಹುಲ್ಲಿಗೆ ಎಷ್ಟು ನೀರು? ಒಂದು ತೋಟದ ಹೋಟೆಲ್ಲಿನ ಲೆಕ್ಕ

ಹೋದ ದೀಪಾವಳಿ ರಜೆಗೆ ಊರಿಗೆ ಹೋದಾಗ ಕಾಕಾ ಒಂದು ಮಡಚಿದ ಕಾಗದ ತಂದು ನನ್ನ ಮುಂದೆ ಇಟ್ಟರು. "ತಮ್ಮಾ, ನೀ ಸಿವಿಲ್ ಓದಾಕತ್ತಿ. ಇದ್ರಾಗ ಏನ್ ಬರ್ದಾರ ನೋಡಿ ಹೇಳು" ಅಂದರು.

ಸವದತ್ತಿ ತಾಲ್ಲೂಕಿನಲ್ಲಿ, ನವಿಲುತೀರ್ಥ ಆಣೆಕಟ್ಟಿನ ಹಿನ್ನೀರು ಕಾಣುವ ದಿಣ್ಣೆಯ ಮೇಲೆ ನಮ್ಮ ಮನೆತನದ ಆರು ಎಕರೆ ಹೊಲ ಇದೆ. ಅದನ್ನು 30 ವರ್ಷಕ್ಕೆ ಲೀಸಿಗೆ ಕೊಡ್ರಿ ಅಂತ ಒಬ್ಬರು ಕೇಳಿದ್ದರು. ಕಾಗದದಲ್ಲಿ ಚಂದದ ನಕ್ಷೆ: 20 ಕೋಣೆಯ ಐಷಾರಾಮಿ ಗಾರ್ಡನ್ ರೆಸಾರ್ಟ್, ಎರಡು ಎಕರೆ ಹುಲ್ಲುಹಾಸು, ಒಂದು ಈಜುಕೊಳ, ಸುತ್ತಲೂ ಬೇಲಿ. ವರ್ಷಕ್ಕೆ ಕೊಡುವ ದುಡ್ಡು ನಮ್ಮ ಜೋಳ, ಕಡಲೆಯಿಂದ ಬರೋದಕ್ಕಿಂತ ಎಷ್ಟೋ ಹೆಚ್ಚು. ಅಪ್ಪ, ಕಾಕಾ ಇಬ್ಬರೂ ಅರ್ಧ ಒಪ್ಪಿದ್ದರು. ಉಳಿದ ಅರ್ಧ ನನ್ನ ಮೇಲೆ ಬಿಟ್ಟಿದ್ದರು.

ನನ್ನ ತೊಂದರೆ ಏನಂದ್ರೆ, ನಾನು ಅಂಥ ಹೋಟೆಲ್ಲಿನಲ್ಲಿ ಒಂದು ರಾತ್ರಿಯೂ ಮಲಗಿದವನಲ್ಲ. ನಮ್ಮ ಮನೆಯವರು ಊರು ಬಿಟ್ಟರೆ ಬೀಗರ ಮನೆ, ಇಲ್ಲಾ ಯಲ್ಲಮ್ಮನ ಗುಡ್ಡ. ಅದಕ್ಕೆ ನಾವು ನಾಲ್ಕು ಜನ ರೂಮ್‌ಮೇಟ್‌ಗಳು ದುಡ್ಡು ಕೂಡಿಸಿ, ಘಟ್ಟದ ಅಂಚಿನಲ್ಲಿರುವ ಒಂದು ತೋಟದ ಹೋಟೆಲ್ಲಿನಲ್ಲಿ ಒಂದು ರಾತ್ರಿ ಇದ್ದು ಬಂದೆವು. ಹೆಸರು ಬೇಡ. ನಾನು ಹೇಳಬೇಕಾಗಿರೋದು ಆ ಹೋಟೆಲ್ಲಿನ ಬಗ್ಗೆ ಅಲ್ಲ, ಅಂಥ ಹೋಟೆಲ್ ಹೇಗೆ ನಡೆಯುತ್ತೆ ಅನ್ನೋದರ ಬಗ್ಗೆ.

ನಿಜ ಹೇಳ್ತೀನಿ, ಅಲ್ಲಿ ಸುಖ ಇತ್ತು. ಬೆಳಿಗ್ಗೆ ಎದ್ದರೆ ಹಕ್ಕಿ ಬಿಟ್ಟು ಬೇರೆ ಸದ್ದಿಲ್ಲ. ಕಾಲಿಗೆ ತಂಪು ಹುಲ್ಲು. ಊಟ ಅಂತೂ ಹಾಸ್ಟೆಲ್ ಮೆಸ್ ನೆನಪಾಗಿ ಕಣ್ಣಲ್ಲಿ ನೀರು ಬರೋ ಹಾಗಿತ್ತು. ಈ ಮೂರು ಸುಖಗಳನ್ನು, ಅಂದ್ರೆ ಏಕಾಂತ, ತಂಪು, ಊಟ, ಒಂದೊಂದಾಗಿ ಬಿಚ್ಚಿ ನೋಡೋಣ.

ಏಕಾಂತ: ದೂರಕ್ಕೆ ಕೊಡುವ ಬೆಲೆ

ಸದ್ದು ಕಡಿಮೆ ಮಾಡೋದಕ್ಕೆ ಗಿಡ ನೆಟ್ಟರೆ ಸಾಕು ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಒಂದು ಸಾಲು ಗಿಡ ಕಣ್ಣಿಗೆ ರಸ್ತೆ ಮರೆಮಾಡುತ್ತೆ, ಕಿವಿಗೆ ಅಷ್ಟಾಗಿ ಅಲ್ಲ. ಸದ್ದನ್ನು ನಿಜವಾಗಿ ಕೊಲ್ಲೋದು ದೂರ. ಫಿಸಿಕ್ಸ್ ಕ್ಲಾಸಿನ ಇನ್ವರ್ಸ್ ಸ್ಕ್ವೇರ್ ನಿಯಮ ನೆನಪಿಸಿಕೊಳ್ಳಿ: ಒಂದೇ ಬಿಂದುವಿನಿಂದ ಬರುವ ಸದ್ದು, ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತೆ. 10 ಮೀಟರ್ ದೂರದಲ್ಲಿ 80 ಡೆಸಿಬೆಲ್ ಕೇಳಿಸೋ ಲಾರಿ 20 ಮೀಟರಿಗೆ 74, 40ಕ್ಕೆ 68, 80ಕ್ಕೆ 62, 160ಕ್ಕೆ 56, 320 ಮೀಟರಿಗೆ 50. ಇದು ಒಂದು ಲಾರಿಯ ಮಾತು. ಕಿತ್ತೂರಿನ ಪಕ್ಕದಲ್ಲಿ ಹಾಯುವ ಪುಣೆ–ಬೆಂಗಳೂರು ಹೆದ್ದಾರಿಯಂತೆ ವಾಹನಗಳ ಸಾಲೇ ಹರಿಯುತ್ತಿದ್ದರೆ ಇಳಿಕೆ ಇನ್ನೂ ನಿಧಾನ, ಪ್ರತಿ ಸಲ ಸುಮಾರು 3 ಡೆಸಿಬೆಲ್ ಮಾತ್ರ.

ಹಾಗಾಗಿ ಏಕಾಂತ ಬೇಕು ಅಂದ್ರೆ ಜಾಗ ಬೇಕು. ಹೋಟೆಲ್ ತನ್ನ ಕೋಣೆಗಳಿಗೆ ಅಷ್ಟೇ ಅಲ್ಲ, ಕೋಣೆಯ ಸುತ್ತಲಿನ ಖಾಲಿತನಕ್ಕೂ ದುಡ್ಡು ಹಾಕಿರುತ್ತೆ, ಅದನ್ನು ನಮ್ಮ ಬಿಲ್ಲಿನಲ್ಲಿ ಸೇರಿಸುತ್ತೆ. ನಮ್ಮ ದಿಣ್ಣೆಗೆ ಆ ದೂರ ಪುಕ್ಕಟೆ ಸಿಕ್ಕಿದೆ. ಹೆದ್ದಾರಿ ಇಲ್ಲ, ಕಾರ್ಖಾನೆ ಇಲ್ಲ. ಕಾಗದ ತಂದವರು ನಮ್ಮ ಹೊಲವನ್ನೇ ಹುಡುಕಿಕೊಂಡು ಬಂದದ್ದು ಯಾಕೆ ಅಂತ ನನಗೆ ಅಲ್ಲಿ ತಿಳಿಯಿತು.

ಆದರೆ ಏಕಾಂತಕ್ಕೆ ಬೇಲಿಯೂ ಬೇಕು. ನಮ್ಮ ಹೊಲದ ಬದುವಿನ ಮೇಲೆ ಒಂದು ದನದ ದಾರಿ ಇದೆ. ಊರಿನ ಎಮ್ಮೆ, ಆಕಳು, ಕುರಿ ಹಿನ್ನೀರಿಗೆ ಇಳಿಯೋದು ಅದೇ ದಾರಿಯಲ್ಲಿ. ನಕ್ಷೆಯಲ್ಲಿ ಆ ದಾರಿ ಇರಲೇ ಇಲ್ಲ. ಅತಿಥಿಗೆ ಸಿಗೋ ಏಕಾಂತ ಅಂದ್ರೆ ಯಾರೋ ಸುತ್ತು ಹಾಕಿ ಹೋಗಬೇಕಾಗೋದು. ಇದು ನೋಟ್‌ಬುಕ್ಕಿನಲ್ಲಿ ನಾನು ಬರೆದ ಮೊದಲ ಸಾಲು.

ತಂಪು: ಮರ ಮಾಡೋ ಕೆಲಸ

ತೋಟದೊಳಗೆ ಕಾಲಿಟ್ಟ ಕೂಡಲೇ ತಂಪು ಅನ್ನಿಸೋದು ಬರೀ ಮನಸ್ಸಿನ ಆಟವಲ್ಲ. ಒಂದು ಲೀಟರ್ ನೀರು ಆವಿಯಾಗೋದಕ್ಕೆ ಸುಮಾರು 2.4 ಮೆಗಾಜೂಲ್ ಶಾಖ ಬೇಕು. ಕರೆಂಟಿನ ಭಾಷೆಯಲ್ಲಿ ಹೇಳೋದಾದ್ರೆ ಸುಮಾರು ಮುಕ್ಕಾಲು ಯೂನಿಟ್‌ಗೆ ಸ್ವಲ್ಪ ಕಡಿಮೆ. ಒಂದು ದೊಡ್ಡ ಮರ ದಿನಕ್ಕೆ 100 ಲೀಟರ್ ನೀರನ್ನು ಎಲೆಗಳಿಂದ ಹೊರಗೆ ಬಿಟ್ಟಿತು ಅಂತ ಹಿಡಿಯಿರಿ. 67 ಯೂನಿಟ್ ಆಸುಪಾಸಿನ ಶಾಖವನ್ನು ಅದು ಸುತ್ತಲಿನಿಂದ ಹೀರಿಕೊಂಡಂತೆ. ಒಂದು ಟನ್ನಿನ ಎ.ಸಿ. 24 ತಾಸು ಬಿಡದೆ ಓಡಿದರೆ ತೆಗೆಯುವ ಶಾಖ ಸುಮಾರು 84 ಯೂನಿಟ್. ಬಯಲಿನಲ್ಲಿ ಗಾಳಿ ಈ ತಂಪನ್ನು ಹಂಚಿಬಿಡುತ್ತೆ ಅನ್ನೋದು ಬೇರೆ ಮಾತು. ಆದರೆ ಮರ ಮೇಲಿಂದ ನೆರಳನ್ನೂ ಕೊಡುತ್ತೆ. ಹುಲ್ಲು ನೆರಳು ಕೊಡೋದಿಲ್ಲ.

ಬೆಂಗಳೂರಿನ ವೆಸ್ಟ್ ಎಂಡ್ ಹೋಟೆಲ್ ಇದಕ್ಕೆ ನಮ್ಮ ರಾಜ್ಯದ ಹಳೇ ಉದಾಹರಣೆ. 1887ರಲ್ಲಿ ಬ್ರಾನ್ಸನ್ ಎಂಬ ಬ್ರಿಟಿಷ್ ಮಹಿಳೆ ಹತ್ತು ಕೋಣೆಗಳ ವಸತಿಗೃಹವಾಗಿ ಅದನ್ನು ಶುರು ಮಾಡಿದರು. ಮುಂದೆ ಸ್ಪೆನ್ಸರ್ ಕಂಪನಿಗೆ ಹೋಗಿ, 1980ರ ದಶಕದಲ್ಲಿ ತಾಜ್ ಗುಂಪಿನ ಕೈಗೆ ಬಂತು. ರೇಸ್‌ಕೋರ್ಸ್ ರಸ್ತೆಯ ಗದ್ದಲದ ಪಕ್ಕದಲ್ಲೇ ಸುಮಾರು 20 ಎಕರೆ ತೋಟ ಇವತ್ತಿಗೂ ಉಳಿದಿದೆ. ನೂರು ವರ್ಷ ದಾಟಿದ ಮಳೆಮರಗಳ ಕೆಳಗೆ ಹಾದರೆ ಊರು ಮರೆತುಹೋಗುತ್ತೆ ಅಂತ ಹೋದವರು ಹೇಳ್ತಾರೆ. ಅಲ್ಲಿಯ ಆಸ್ತಿ ಕಟ್ಟಡಕ್ಕಿಂತ ಹೆಚ್ಚಾಗಿ ಆ ಮರಗಳು.

ಆದರೆ ವೆಸ್ಟ್ ಎಂಡನ್ನು ಎತ್ತಿ ಸವದತ್ತಿಯಲ್ಲಿ ಇಡೋಕೆ ಆಗಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಬೇಸಿಗೆಯೂ ಮೆದು, ಮಳೆಯೂ ನಮಗಿಂತ ಹೆಚ್ಚು. ನಮ್ಮದು ಎರೆನೆಲದ ಬಯಲುಸೀಮೆ. ಏಪ್ರಿಲ್‌ನಲ್ಲಿ ನೆಲ ಬಿರುಕು ಬಿಟ್ಟು ಅದರೊಳಗೆ ಕೈ ಹೋಗುತ್ತೆ.

ಲೆಕ್ಕ ಇಲ್ಲಿದೆ

ನಾವಿದ್ದ ಹೋಟೆಲ್ಲಿನಲ್ಲಿ ನಸುಕಿನಲ್ಲಿ ನೀರು ಬಿಡ್ತಿದ್ದ ಮಾಲಿ ಅಣ್ಣ ರಾಮದುರ್ಗ ತಾಲ್ಲೂಕಿನವರು. ನಮ್ಮ ಮಾತಿನ ಧಾಟಿ ಕೇಳಿದ್ದೇ ಪೈಪ್ ಕೆಳಗಿಟ್ಟು ಮಾತಿಗೆ ನಿಂತರು. "ಇಲ್ಲಿ ಹುಲ್ಲಿಗೆ ದಿನಾ ಎರಡ್ ಹೊತ್ತು ನೀರ್ರಿ. ನಮ್ಮೂರಾಗ ನಳಾ ಬರೂದು ನಾಕ್ ದಿನಕ್ಕೊಮ್ಮೆ" ಅಂದರು. ನಗುತ್ತಲೇ ಅಂದರು. ನಾನು ಕೋಣೆಗೆ ಬಂದು ಕ್ಯಾಲ್ಕುಲೇಟರ್ ತೆಗೆದೆ.

ಮೊದಲು ಅತಿಥಿಗಳ ನೀರು. ನಮ್ಮ ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ನಾಲ್ಕು ಸ್ಟಾರ್ ಮತ್ತು ಮೇಲಿನ ಹೋಟೆಲ್ಲಿಗೆ ಒಂದು ಹಾಸಿಗೆಗೆ ದಿನಕ್ಕೆ 320 ಲೀಟರ್ ಹಿಡಿಯಬೇಕು. ಅಡುಗೆಮನೆ, ಬಟ್ಟೆ ಒಗೆಯೋದು, ಈಜುಕೊಳ ಬೇರೆ. 20 ಕೋಣೆ, ಕೋಣೆಗೆ ಇಬ್ಬರು, ಅಂದ್ರೆ 40 ಹಾಸಿಗೆ. 40 × 320 = 12,800 ಲೀಟರ್.

ಈಗ ಹುಲ್ಲು. ಬಿಸಿಲಿನ ಒಣ ದಿನಗಳಲ್ಲಿ ಹುಲ್ಲುಹಾಸು ಒಂದು ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಕುಡಿಯುತ್ತೆ ಅಂತ ಹಿಡಿಯೋಣ, ನಮ್ಮ ಬೇಸಿಗೆಗೆ ಇದು ಜಾಸ್ತಿ ಏನಲ್ಲ. ಒಂದು ಎಕರೆ ಅಂದ್ರೆ 4,047 ಚದರ ಮೀಟರ್. ಹಾಗಾದ್ರೆ ಎಕರೆಗೆ ಸುಮಾರು 20,000 ಲೀಟರ್. ಎರಡು ಎಕರೆಗೆ 40,000 ಲೀಟರ್.

ಇಲ್ಲಿ ನಾನು ಎರಡು ಸಲ ಗುಣಿಸಿ ನೋಡಿದೆ. ಅತಿಥಿಗಳು ಸ್ನಾನ, ಶೌಚ ಎಲ್ಲ ಸೇರಿ ಖರ್ಚು ಮಾಡೋದಕ್ಕಿಂತ ಮೂರು ಪಟ್ಟು ನೀರನ್ನು ಹುಲ್ಲೊಂದೇ ಕುಡಿಯುತ್ತೆ. ಜಲ ಜೀವನ್ ಮಿಷನ್ ಹಳ್ಳಿಯ ಮನೆಗೆ ಲೆಕ್ಕ ಹಾಕಿರೋದು ತಲೆಗೆ ದಿನಕ್ಕೆ 55 ಲೀಟರ್. 40,000ವನ್ನು 55ರಿಂದ ಭಾಗಿಸಿದರೆ 727. ನಮ್ಮ ಹಳ್ಳಿಯ ಎರಡು ಓಣಿಯ ಜನ.

"ಎಸ್.ಟಿ.ಪಿ. ಹಾಕ್ತೀವಿ, ಬಳಸಿದ ನೀರನ್ನೇ ಶುದ್ಧ ಮಾಡಿ ತೋಟಕ್ಕೆ ಬಿಡ್ತೀವಿ" ಅಂತ ಕಾಗದದಲ್ಲಿ ಇತ್ತು. ಒಳ್ಳೆಯದೇ. ಕೋಣೆಯಿಂದ ಹೊರಬರೋ ನೀರು ಬಳಸಿದ್ದರಲ್ಲಿ ಶೇ 80 ಅಂತ ಹಿಡಿದರೂ ಸಿಗೋದು 10,240 ಲೀಟರ್. ಅಂದ್ರೆ ಅರ್ಧ ಎಕರೆ ಹುಲ್ಲಿಗೆ ಸರಿಯಾಯ್ತು. ಅದೂ 20 ಕೋಣೆ ತುಂಬಿದ ದಿನ ಮಾತ್ರ. ಉಳಿದ ಒಂದೂವರೆ ಎಕರೆಗೆ ದಿನಾ 30,000 ಲೀಟರ್ ಬೋರ್‌ವೆಲ್ಲಿನಿಂದಲೋ ಹಿನ್ನೀರಿನಿಂದಲೋ ಬರಬೇಕು.

ಮಳೆನೀರು? 1,000 ಚದರ ಮೀಟರ್ ಛಾವಣಿ, ವರ್ಷಕ್ಕೆ 500 ಮಿಲಿಮೀಟರ್ ಮಳೆ, ಅದರಲ್ಲಿ ಶೇ 80 ಸಿಕ್ಕಿತು ಅಂದುಕೊಳ್ಳಿ: 4 ಲಕ್ಷ ಲೀಟರ್. ಎರಡು ಎಕರೆ ಹುಲ್ಲಿಗೆ ಹತ್ತು ದಿನ. ಅತಿಥಿಗಳಿಗೆ ಮಾತ್ರ ಬಿಟ್ಟರೆ ಒಂದು ತಿಂಗಳು.

ಈ ನೀರು ಯಾವ ನೀರು

ಎದುರಿಗೆ ಅಷ್ಟು ದೊಡ್ಡ ಹಿನ್ನೀರು ಇದೆಯಲ್ಲ, ಹುಲ್ಲಿಗೆ ನಾಲ್ಕು ಕೊಡ ಬಿಟ್ಟರೆ ಏನಾಯ್ತು ಅಂತ ಕೇಳಬಹುದು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟೋ ಮಲಪ್ರಭಾ, ನವಿಲುತೀರ್ಥದ ಗುಡ್ಡಗಳ ಸಂದಿಯಲ್ಲಿ ಕಟ್ಟಿದ ಆಣೆಕಟ್ಟಿನ ಹಿಂದೆ ರೇಣುಕಾಸಾಗರ ಆಗಿ ನಿಲ್ಲುತ್ತೆ. ಗರಿಷ್ಠ ಮಟ್ಟ 2,079.50 ಅಡಿ, ಸಾಮರ್ಥ್ಯ 37.73 ಟಿ.ಎಂ.ಸಿ. ಹುಬ್ಬಳ್ಳಿ–ಧಾರವಾಡದ ನಳಕ್ಕೂ ಇದೇ ನೀರು, ನರಗುಂದ, ನವಲಗುಂದದ ಕಾಲುವೆಗೂ ಇದೇ ನೀರು. ಮಳೆ ಕೈಕೊಟ್ಟ ವರ್ಷಗಳಲ್ಲಿ ಅಣೆಕಟ್ಟು ತುಂಬೋದೇ ಇಲ್ಲ. 2019ರ ಆಗಸ್ಟಿನಲ್ಲಿ ತುಂಬಿ ಹರಿದಾಗ ಮುನವಳ್ಳಿ, ರಾಮದುರ್ಗದ ಮನೆಗಳು ನೀರಿನಲ್ಲಿ ನಿಂತವು. ಒಂದೋ ಇಲ್ಲ, ಇಲ್ಲಾ ಅತಿ.

ಮಹದಾಯಿ ನದಿಯ ನೀರನ್ನು ಕಳಸಾ–ಬಂಡೂರಿ ನಾಲೆಗಳ ಮೂಲಕ ಮಲಪ್ರಭೆಗೆ ತಿರುಗಿಸಿ ಅಂತ 2015ರ ಜುಲೈನಲ್ಲಿ ನರಗುಂದದಲ್ಲಿ ರೈತರು ಧರಣಿ ಕೂತಾಗ ನಾವು ಸಣ್ಣ ಹುಡುಗರು. ಬಂದ್ ಆಗಿ ಶಾಲೆ ರಜಾ ಸಿಕ್ಕಿತು ಅನ್ನೋದಷ್ಟೇ ನನಗೆ ನೆನಪು. 2018ರಲ್ಲಿ ನ್ಯಾಯಮಂಡಳಿ ಈ ಎರಡು ನಾಲೆಗಳಿಗೆ ಒಟ್ಟು 3.9 ಟಿ.ಎಂ.ಸಿ. ಹಂಚಿತು. ಒಂದೊಂದು ಟಿ.ಎಂ.ಸಿ.ಗೆ ವರ್ಷಗಟ್ಟಲೆ ಬೀದಿಯಲ್ಲಿ ಕೂತ ಜನರ ನಡುವೆ ಹುಲ್ಲಿಗೆ ದಿನಾ ಎರಡು ಹೊತ್ತು ನೀರು ಬಿಡೋದು ಬರೀ ಲೆಕ್ಕದ ಮಾತಲ್ಲ.

ಹಾಗಂತ ಕೆರೆದಂಡೆಯಲ್ಲಿ ಹೋಟೆಲ್ಲೇ ಬೇಡ ಅಂತಲೂ ಅಲ್ಲ. ಶ್ರೀಲಂಕಾದ ಒಣ ಸೀಮೆಯಲ್ಲಿ, ದಂಬುಲ್ಲ ಊರಿನ ಹತ್ತಿರ, ಕಂದಲಾಮ ಅನ್ನೋ ಹಳೇ ನೀರಾವರಿ ಕೆರೆಯ ದಂಡೆಯ ಮೇಲೆ ವಾಸ್ತುಶಿಲ್ಪಿ ಜೆಫ್ರಿ ಬಾವಾ ಒಂದು ದೊಡ್ಡ ಹೋಟೆಲ್ ಕಟ್ಟಿದರು. 1994ರಲ್ಲಿ ಅದು ಬಾಗಿಲು ತೆರೆಯಿತು. ಕಟ್ಟುವ ಮೊದಲು ಕೆರೆ ಕೆಡುತ್ತೆ ಅಂತ ಅಲ್ಲಿಯ ರೈತರು, ಬೌದ್ಧ ಭಿಕ್ಷುಗಳು ಜೋರಾಗಿ ವಿರೋಧಿಸಿದ್ದರು. ಬಾವಾ ಕಟ್ಟಡವನ್ನು ಬಂಡೆಗೆ ಒರಗಿಸಿ, ಕಂಬಗಳ ಮೇಲೆ ಎತ್ತಿ ನಿಲ್ಲಿಸಿದರು. ಮಳೆನೀರು ಕೆಳಗಿನಿಂದ ತನ್ನ ಪಾಡಿಗೆ ಕೆರೆಗೆ ಇಳಿಯುತ್ತೆ. ಗೋಡೆಗಳ ಮೇಲೆ ಬಳ್ಳಿ, ಛಾವಣಿ ಮೇಲೆ ಗಿಡ. ಅತಿಥಿಗಳು ನೋಡೋದು ಕೆರೆ, ಕಾಡು, ದೂರದ ಸಿಗಿರಿಯ ಬಂಡೆಯನ್ನು. ಅಂದ್ರೆ ವಿರೋಧ ಮಾಡಿದವರ ಪ್ರಶ್ನೆಯೂ ಸರಿಯಿತ್ತು, ಅದಕ್ಕೆ ವಿನ್ಯಾಸದಲ್ಲಿ ಉತ್ತರ ಹುಡುಕೋದೂ ಸಾಧ್ಯ ಇತ್ತು.

ಊಟ: ರೊಟ್ಟಿಗೆ ಕಾಯೋದು ಗೊತ್ತಿಲ್ಲ

ಇನ್ನು ಊಟ. ರಾತ್ರಿ ಹೊರಗೆ ಬೇವಿನ ಮರದ ಕೆಳಗೆ ಒಬ್ಬ ಅಕ್ಕ ಕಟ್ಟಿಗೆ ಒಲೆ ಮುಂದೆ ಕೂತು ರೊಟ್ಟಿ ಬಡೀತಿದ್ದರು. ಬೈಲಹೊಂಗಲ ಕಡೆಯವರು. ಹಂಚಿನಿಂದ ತಾಟಿಗೆ ಬರೋಕೆ ಒಂದು ನಿಮಿಷ ಹಿಡೀತಿರಲಿಲ್ಲ. ಜೊತೆಗೆ ಎಣ್ಣೆಗಾಯಿ, ಝುಣಕ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮೆನುವಿನಲ್ಲಿ ಇಟಲಿಯದೂ ಇತ್ತು, ಚೀನಾದ್ದೂ ಇತ್ತು. ಆದರೆ ಮುಂಬೈನಿಂದ ಬಂದವರೂ ಸಾಲು ಹಚ್ಚಿದ್ದು ಅಕ್ಕನ ಮುಂದೆ.

ಬೆಳಿಗ್ಗೆ ನಾಷ್ಟಾಕ್ಕೆ ಉಳಿದ ರೊಟ್ಟಿಯನ್ನು ಬಿಸಿ ಡಬ್ಬಿಯಲ್ಲಿ ಇಟ್ಟಿದ್ದರು. ಹರಿಯೋಕೆ ಆಗಲಿಲ್ಲ. ಅಕ್ಕನಿಗೆ ಹೇಳಿದೆ. "ರೊಟ್ಟಿ ಬಿಸಿ ಇದ್ದಾಗ ತಿನ್ಬೇಕ್ರಿ, ಇಲ್ಲಾ ಖಡಕ್ ಆಗೂತನಾ ಕಾಯ್ಬೇಕು. ನಡುವ ತಿಂದ್ರ ಚಪ್ಲಿ" ಅಂದರು.

ಇದರ ಹಿಂದೆ ಪಕ್ಕಾ ಮಟೀರಿಯಲ್ ಸೈನ್ಸ್ ಇದೆ. ಜೋಳದಲ್ಲಿ ಗೋದಿಯಂಥ ಗ್ಲುಟೆನ್ ಇಲ್ಲ, ಹಾಗಾಗಿ ಹಿಟ್ಟನ್ನು ಹಿಡಿದಿಡುವ ಜಾಲ ಇಲ್ಲ. ಕುದಿಯೋ ನೀರು ಹಾಕಿದಾಗ ಪಿಷ್ಟದ ಒಂದು ಭಾಗ ಉಬ್ಬಿ ಅಂಟಾಗುತ್ತೆ, ಆ ಅಂಟಿನ ಮೇಲೆ ರೊಟ್ಟಿ ಬಡಿಯೋಕೆ ಬರುತ್ತೆ. ಬೆಂದ ರೊಟ್ಟಿ ಆರುತ್ತಾ ಹೋದಂತೆ ಅದೇ ಪಿಷ್ಟದ ಅಣುಗಳು ಮತ್ತೆ ಸಾಲುಗಟ್ಟಿ ಬಿಗಿಯಾಗುತ್ತವೆ. ಆಗ ರೊಟ್ಟಿ ತೊಗಲಿನಂತೆ ಆಗೋದು. ಪೂರ್ತಿ ಒಣಗಿಸಿ ನೀರು ತೆಗೆದುಬಿಟ್ಟರೆ ಖಡಕ್ ರೊಟ್ಟಿ, ತಿಂಗಳುಗಟ್ಟಲೆ ಇಡಬಹುದು. ಬಫೆಯ ಬಿಸಿ ಡಬ್ಬಿ ರೊಟ್ಟಿಯನ್ನು ಈ ಎರಡರ ನಡುವೆ ಹಿಡಿದು ನಿಲ್ಲಿಸುತ್ತೆ. ಅದಕ್ಕೇ ಒಳ್ಳೆ ರೊಟ್ಟಿ ಊಟ ಬೇಕಂದ್ರೆ ಒಳ್ಳೆ ಯಂತ್ರ ಸಾಲದು, ಬಡಿಯೋ ಕೈ ಊಟದ ಹೊತ್ತಿಗೆ ಅಲ್ಲೇ ಇರಬೇಕು. ಆ ಕೈಗೆ ಸಂಬಳ ಎಷ್ಟು, ವರ್ಷದಲ್ಲಿ ಎಷ್ಟು ತಿಂಗಳು ಕೆಲಸ ಅಂತ ಕೇಳಿದಾಗ ಅಕ್ಕ ಬರೀ ನಕ್ಕರು. ಸೀಸನ್ ಮುಗಿದರೆ ಊರಿಗೆ ಅಂದರು.

ನಮ್ಮಲ್ಲಿ ಅತಿಥಿ ಅಂದ್ರೆ

ವಾಪಸ್ ಬರುವಾಗ ಕಿತ್ತೂರಿನಲ್ಲಿ ಇಳಿದೆವು. ಕೋಟೆಯೊಳಗೆ ಹಾಳಾಗಿ ನಿಂತ ಅರಮನೆಯನ್ನು ಶಾಲೆಯ ಪ್ರವಾಸದಲ್ಲಿ ನಾವೆಲ್ಲ ನೋಡಿದ್ದೇವೆ. 1824ರ ಯುದ್ಧದ ಕತೆ ಕೇಳಿ, ಫೋಟೋ ತೆಗೆಸಿಕೊಂಡು ಬಂದಿದ್ದೇವೆ. ಈ ಸಲ ಸಿವಿಲ್ ಕಣ್ಣಿನಿಂದ ನೋಡಿದೆ. ಊಟದ ದೊಡ್ಡ ಪಡಸಾಲೆ, ಅದಕ್ಕೆ ಹೊಂದಿದ ಅಡುಗೆಮನೆ, ಬಚ್ಚಲುಗಳು, ನೀರಿನ ತೊಟ್ಟಿ, ಅಲ್ಲಿಂದ ನೀರು ಹಾಯಿಸೋ ಕೊಳವೆಯ ಗುರುತುಗಳು. ಐಷಾರಾಮ ನಮ್ಮ ಸೀಮೆಗೆ ಹೊಸದೇನಲ್ಲ. ಅಲ್ಲಿ ನೀರನ್ನು ತಂದದ್ದು ಮನುಷ್ಯರ ಬಳಕೆಗೆ, ನೋಡಿ ಖುಷಿಪಡೋ ಹುಲ್ಲಿಗಲ್ಲ.

ಇನ್ನೊಂದು ವಸತಿ ನಮಗೆಲ್ಲ ಗೊತ್ತಿರೋದು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಬರೋ ಜನ ಮರದ ನೆರಳಲ್ಲಿ ಬಿಡಾರ ಹೂಡ್ತಾರೆ. ಮೂರು ಕಲ್ಲಿನ ಒಲೆ, ಹೋಳಿಗೆ, ಕಡಬು, ಬುತ್ತಿರೊಟ್ಟಿ, ಪಡ್ಡಲಗಿ ತುಂಬಿಸೋದು. ಪಕ್ಕದ ಬಿಡಾರದವರಿಗೆ ಕೊಡದೆ ಯಾರೂ ಉಣ್ಣೋದಿಲ್ಲ. ಅಲ್ಲಿ ಶೌಚಾಲಯ, ಕಸ, ನೀರಿನ ತಾಪತ್ರಯ ಬೇಕಾದಷ್ಟಿದೆ, ಅದನ್ನು ಮುಚ್ಚಿಡೋದು ಬೇಡ. ಆದರೆ ಹೊರಗೆ ಮಲಗಿ, ಚೆನ್ನಾಗಿ ಉಂಡು ಬರೋ ಸುಖ ನಮಗೆ ಹೋಟೆಲ್ ಕಲಿಸಿದ್ದಲ್ಲ. ರಾಮದುರ್ಗ ತಾಲ್ಲೂಕಿನ ಸುರೇಬಾನ ಹತ್ತಿರದ ಶಬರಿಕೊಳ್ಳದಲ್ಲಿ ಶಬರಿ ರಾಮನಿಗಾಗಿ ಬೋರೆಹಣ್ಣು ಹಿಡಿದು ಕಾದಳು ಅಂತ ನಂಬಿಕೆ. ಅತಿಥಿಗೆ ಕೊಡೋ ಮೊದಲು ತಾನು ರುಚಿ ನೋಡಿದಳಂತೆ. ಹೋಟೆಲ್ ಭಾಷೆಯಲ್ಲಿ ಅದು ಕ್ವಾಲಿಟಿ ಕಂಟ್ರೋಲ್.

ಕಾಕಾಗೆ ಹೇಳಿದ್ದು

ಊರಿಗೆ ಹೋಗಿ ಕಾಕಾ, ಅಪ್ಪನ ಮುಂದೆ ನೋಟ್‌ಬುಕ್ ಬಿಚ್ಚಿದೆ. ಬೇಡ ಅನ್ನಲಿಲ್ಲ. ಬಡ್ಡಿ ಕಟ್ಟೋ ಮನೆಯಲ್ಲಿ ಬರೋ ದುಡ್ಡನ್ನು ಬೇಡ ಅನ್ನೋದು ಹಾಸ್ಟೆಲ್ಲಿನಲ್ಲಿ ಕೂತು ಹೇಳಿದಷ್ಟು ಸುಲಭ ಅಲ್ಲ. ಹೊಲವನ್ನು ಬಿನ್‌ಶೇತ್ಕಿ ಮಾಡಿಸಿದ ಮೇಲೆ ಮತ್ತೆ ಜೋಳ ಬೆಳೆಯೋ ಮಾತು ದೂರ, ಅದಕ್ಕೆ ಸಹಿಗೆ ಮೊದಲೇ ಐದು ಮಾತು ಬರೆಸಿಕೊಳ್ಳೋಣ ಅಂದೆ.

ಒಂದು, ಹುಲ್ಲುಹಾಸು ಅರ್ಧ ಎಕರೆ ಮೀರಬಾರದು, ಅದಕ್ಕೆ ಎಸ್.ಟಿ.ಪಿ. ನೀರು ಮಾತ್ರ. ಉಳಿದ ಜಾಗದಲ್ಲಿ ಬೇವು, ಹುಣಸೆ, ಹೊಂಗೆ, ಬನ್ನಿ. ಬೇರು ಬಿಡೋ ಎರಡು-ಮೂರು ವರ್ಷ ನೀರು ಕೊಟ್ಟರೆ ಆಮೇಲೆ ಅವು ನಮ್ಮನ್ನು ಕೇಳೋದಿಲ್ಲ. ಎರಡು, ಬೋರ್‌ವೆಲ್ಲಿಗೆ ಮೀಟರ್, ಅದರ ಲೆಕ್ಕ ಪ್ರತಿ ತಿಂಗಳು ಪಂಚಾಯಿತಿಯ ಗೋಡೆ ಮೇಲೆ. ಮೂರು, ಕೊಳಚೆಯ ಒಂದು ಹನಿಯೂ ಹಿನ್ನೀರಿಗೆ ಇಳಿಯಬಾರದು. ನಾಲ್ಕು, ದನದ ದಾರಿ ನಕ್ಷೆಯಲ್ಲಿ ಬರಬೇಕು, ಬೇಲಿ ಅದರ ಈಚೆಗೆ ನಿಲ್ಲಬೇಕು. ಐದು, ಅಡುಗೆಮನೆಗೆ ಜೋಳ, ಕಾಳು, ಕಾಯಿಪಲ್ಲೆ ಸುತ್ತಲಿನ ಹಳ್ಳಿಗಳದು, ರೊಟ್ಟಿ ಬಡಿಯೋರಿಗೆ, ಮಾಲಿಗಳಿಗೆ ವರ್ಷಪೂರ್ತಿ ಕೆಲಸ ಮತ್ತು ಪಿ.ಎಫ್.

ಕಾಕಾ ಎಲ್ಲ ಕೇಳಿ, "ಹುಲ್ಲಿಲ್ಲದ ಹೋಟ್ಲಿಗೆ ಯಾರ್ ಬರ್ತಾರೋ?" ಅಂದರು.

"ಗುಡ್ಡಕ್ಕ ಜನಾ ಬರಂಗಿಲ್ಲೇನ್ ಕಾಕಾ?"

"ಅವ್ರು ತಾಯಿ ಹತ್ರ ಬರ್ತಾರ, ಬೇವಿನ ನೆಳ್ಳಿಗಲ್ಲ."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಫೋನಿನಲ್ಲಿ ಕಂದಲಾಮ ಹೋಟೆಲ್ಲಿನ ಫೋಟೋ ತೋರಿಸಿದೆ. ಕಾಕಾ ಬಹಳ ಹೊತ್ತು ನೋಡಿದರು. "ಗ್ವಾಡಿ ಮ್ಯಾಲೆಲ್ಲ ಬಳ್ಳಿ ಬಿಟ್ಟಾರಲ್ಲೋ" ಅಂತ ಮಾತ್ರ ಅಂದರು. ಮರುದಿನ ಐದು ಮಾತುಗಳನ್ನು ಕಾಗದದಲ್ಲಿ ಬರೆದು ಕಳಿಸಿದರು.

ಇಪ್ಪತ್ತು ದಿನ ಸುದ್ದಿ ಇರಲಿಲ್ಲ. ಆಮೇಲೆ ಫೋನ್ ಬಂತು: ದಾರಿ, ಮೀಟರ್, ಕೆಲಸಗಾರರ ಮಾತು ಎಲ್ಲ ಒಪ್ಪಿಗೆ, ಹುಲ್ಲು ಮಾತ್ರ ಒಂದು ಎಕರೆ ಬೇಕೇ ಬೇಕು, ಮದುವೆ ಮಾಡಿಸೋರು ಹುಲ್ಲು ಕೇಳ್ತಾರೆ ಅಂತ. ನಾನು ಹಾಸ್ಟೆಲ್ಲಿನಿಂದ ಲೆಕ್ಕ ಹೇಳಿದೆ. ಒಂದು ಎಕರೆಗೆ 20,000 ಲೀಟರ್, ಎಸ್.ಟಿ.ಪಿ.ಯಿಂದ ಬರೋದು 10,000, ಉಳಿದ 10,000 ಅಂದ್ರೆ 180 ಜನರ ನೀರು. ಆ ಕಡೆ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಸಂಕ್ರಮಣಕ್ಕ ಅವ್ರು ಮಾತಾಡಾಕ ಬರ್ತಾರಂತ, ನೀನೂ ಬಾ" ಅಂದರು. "ನಾ ಒಂದ ಮಾತ್ ಕೇಳಾಂವ: ಆ 10,000 ಲೀಟರ್ ಯಾರ್ ಬಾವಿದು?"